ಲುಟೇಶಿಯಂ ಬರುವ ದಿನ

2023ರ ಜೂನ್ ತಿಂಗಳ ಒಂದು ಬೆಳಿಗ್ಗೆ ಅಪ್ಪನನ್ನು ಕರೆದುಕೊಂಡು ಆಸ್ಪತ್ರೆಯ ಬೇಸ್‌ಮೆಂಟಿಗೆ ಇಳಿದೆ. ಲುಟೇಶಿಯಂನಂಥ ವಿಕಿರಣ ಸೂಸುವ ಮದ್ದು ಕೊಡುವ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಇರುವುದು ಅಲ್ಲೇ. ಬಾಗಿಲಿನ ಮೇಲೆ ಹಳದಿ ಬೋರ್ಡು, ಅದರಲ್ಲಿ ಮೂರು ಎಸಳಿನ ವಿಕಿರಣದ ಗುರುತು. ಕೆಳಗೆ 'ಗರ್ಭಿಣಿಯರು ಒಳಗೆ ಬರಬಾರದು' ಎಂದು ಕನ್ನಡದಲ್ಲಿ ಬರೆದಿತ್ತು. ಅಪ್ಪ ಅದನ್ನು ಓದಿ ಅಲ್ಲೇ ನಿಂತುಬಿಟ್ಟರು. ಮನೆಯಲ್ಲಿ ನನ್ನ ತಂಗಿ ಆರು ತಿಂಗಳ ಬಸುರಿ. ಮುಂದಿನ ತಿಂಗಳು ಸೀಮಂತ, ಆಮೇಲೆ ಬಾಣಂತನವೂ ನಮ್ಮಲ್ಲೇ ಎಂದು ಮಾತಾಗಿತ್ತು.

"ಇದೇನವ್ವ, ನನ್ನ ಮೈಗೇ ಇದನ್ನ ಹಾಕ್ತಾರಾ?" ಎಂದರು. ಹೌದು ಎನ್ನಲು ನನಗೆ ಬಾಯಿ ಬರಲಿಲ್ಲ.

ಅಪ್ಪ ಬಿಎಂಟಿಸಿ ಡ್ರೈವರ್ ಆಗಿದ್ದವರು. ಅದನ್ನು ಇನ್ನೂ ಬಿಟಿಎಸ್ ಅನ್ನುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿ, 2012ರಲ್ಲಿ ರಿಟೈರ್ ಆದರು. ಡ್ರೈವರುಗಳಿಗೆ ಬೆನ್ನು ನೋವು ಹೊಸದಲ್ಲ. 2019ರಲ್ಲಿ ನೋವು ಜಾಸ್ತಿಯಾದಾಗ ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಎಂಟು ತಿಂಗಳು ಬರೀ ನೋವಿನ ಮಾತ್ರೆ ಕೊಟ್ಟರು. "ಇಷ್ಟು ವರ್ಷ ಸ್ಟೇರಿಂಗ್ ಹಿಡಿದಿದ್ದೀರಿ, ಇದೆಲ್ಲ ಇದ್ದಿದ್ದೇ" ಎಂದರು. ಒಂದೇ ಒಂದು ರಕ್ತ ಪರೀಕ್ಷೆ ಬರೆದುಕೊಡಲಿಲ್ಲ. ಕೊನೆಗೆ ಬೇರೆ ಕಡೆ, ಪ್ರಾಸ್ಟೇಟ್ ಗ್ರಂಥಿಯ ಒಂದು ಪ್ರೋಟೀನ್ ರಕ್ತದಲ್ಲಿ ಎಷ್ಟಿದೆ ಎಂದು ನೋಡುವ ಪಿಎಸ್‌ಎ ಪರೀಕ್ಷೆ ಮಾಡಿಸುವ ಹೊತ್ತಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಬೆನ್ನುಮೂಳೆಗೆ ಬಂದು ಕೂತಿತ್ತು. ಆ ಎಂಟು ತಿಂಗಳ ಬಗ್ಗೆ ನನಗೆ ಈಗಲೂ ಸಿಟ್ಟಿದೆ. ಮನೆಯಲ್ಲಿ ವಯಸ್ಸಾದ ಗಂಡಸರಿಗೆ ಬೆನ್ನು ನೋವು ಬಿಡದೆ ಕಾಡುತ್ತಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಆ ಪರೀಕ್ಷೆಯ ಬಗ್ಗೆ ದಯವಿಟ್ಟು ನೀವೇ ಬಾಯಿಬಿಟ್ಟು ಕೇಳಿ.

ಆಮೇಲಿನ ಮೂರು ಚಿಲ್ಲರೆ ವರ್ಷವನ್ನು ಬೇಗ ಹೇಳಿಬಿಡುತ್ತೇನೆ. ಗಂಡಸರ ಹಾರ್ಮೋನ್ ಸಿಕ್ಕಿದಷ್ಟೂ ಈ ಕ್ಯಾನ್ಸರ್ ಬೆಳೆಯುತ್ತದೆ. ಅದಕ್ಕೆ ಮೂರು ತಿಂಗಳಿಗೊಂದು ಇಂಜೆಕ್ಷನ್ ಕೊಟ್ಟು ಹಾರ್ಮೋನ್ ತಗ್ಗಿಸಿದರು. ಎರಡೂವರೆ ವರ್ಷ ಚೆನ್ನಾಗಿಯೇ ನಡೆಯಿತು. ಮತ್ತೆ ಪಿಎಸ್‌ಎ ಏರಿತು. ಆರು ಸಲ ಕೀಮೋ ಆಯಿತು. ಕೂದಲು ಹೋಯಿತು, ಬಂತು. ಪಿಎಸ್‌ಎ ಇಳಿಯಿತು, ಮತ್ತೆ ಏರಿತು. 212 ಆದಾಗ ಡಾಕ್ಟರು ನಮ್ಮನ್ನು ಬೇಸ್‌ಮೆಂಟಿಗೆ ಕಳಿಸಿದರು.

ಅಲ್ಲಿ ಮೊದಲು ಮಾಡಿದ್ದು ಗ್ಯಾಲಿಯಂ ಸ್ಕ್ಯಾನ್, ಕ್ಯಾನ್ಸರ್ ಎಲ್ಲೆಲ್ಲಿದೆ ಎಂದು ನೋಡಲು. ಹೆಸರು ಪಿಎಸ್‌ಎಂಎ ಪೆಟ್. ನಮಗೆ ಹತ್ತು ಗಂಟೆಗೆ ಬರಲು ಹೇಳಿದ್ದರು. ಹನ್ನೊಂದೂವರೆಯಾದರೂ ಕರೆಯಲಿಲ್ಲ. ಅಪ್ಪ ಹೋಗಿ ವಿಚಾರಿಸಿದರು. ಹಾಸನದ ಕಡೆಯ ಹುಡುಗಿಯೊಬ್ಬಳು ಅಲ್ಲಿ ಟೆಕ್ನಾಲಜಿಸ್ಟ್. "ಬೆಳಿಗ್ಗೆ ಕರೆದಿದ್ದು ಮುಗೀತು ತಾತ, ಇನ್ನೊಂದ್ಸಲ ಕರೀಬೇಕು, ಸ್ವಲ್ಪ ಕೂತ್ಕೊಳಿ" ಎಂದಳು.

"ಏನು ಕರೀಬೇಕು?"

"ಹಾಲು ಕರೆಯೋದು ಅಂತೀವಿ ತಾತ."

ಅವಳು ವಿವರಿಸಿದ್ದು ಹೀಗೆ. ಒಳಗೆ ಸೀಸದ ದಪ್ಪ ಗೋಡೆಯ ಒಂದು ಡಬ್ಬಿ ಇದೆ. ಅದರೊಳಗೆ ಜರ್ಮೇನಿಯಂ-68 ಎಂಬ ವಸ್ತು. ಅದು ತಾನಾಗಿಯೇ ನಿಧಾನವಾಗಿ ಗ್ಯಾಲಿಯಂ-68 ಆಗಿ ಬದಲಾಗುತ್ತಿರುತ್ತದೆ. ತೆಳುವಾದ ಆಸಿಡ್ ಹಾಯಿಸಿದರೆ ಗ್ಯಾಲಿಯಂ ಮಾತ್ರ ತೊಳೆದುಕೊಂಡು ಹೊರಗೆ ಬರುತ್ತದೆ, ಜರ್ಮೇನಿಯಂ ಒಳಗೇ ಉಳಿಯುತ್ತದೆ. ಮೂರ್ನಾಲ್ಕು ಗಂಟೆ ಬಿಟ್ಟರೆ ಮತ್ತೆ ತುಂಬಿಕೊಳ್ಳುತ್ತದೆ. ಹೀಗೆ ಬಂದ ಗ್ಯಾಲಿಯಂ 68 ನಿಮಿಷಕ್ಕೆ ಅರ್ಧವಾಗುತ್ತದೆ. ಇನ್ನೊಂದು 68 ನಿಮಿಷಕ್ಕೆ ಕಾಲು ಭಾಗ. ಬಾಟಲಿಯಲ್ಲಿ ತುಂಬಿಟ್ಟು ನಾಳೆಗೆ ಬಳಸುವ ಮಾತೇ ಇಲ್ಲ. ಜರ್ಮೇನಿಯಂ ಕೂಡ ಸುಮಾರು 271 ದಿನಕ್ಕೆ ಅರ್ಧವಾಗುತ್ತದೆ. ಹಾಗಾಗಿ ಡಬ್ಬಿ ಹಳೆಯದಾದಂತೆ ಒಂದು ಸಲಕ್ಕೆ ಸಿಗುವುದು ಕಮ್ಮಿಯಾಗುತ್ತದೆ, ಒಂದು ಕರಾವಿನಲ್ಲಿ ನೋಡಬಹುದಾದ ರೋಗಿಗಳೂ ಕಮ್ಮಿ.

ಅಪ್ಪ ಹುಟ್ಟಿದ್ದು ಮಾಗಡಿ ಕಡೆಯ ಹಳ್ಳಿಯಲ್ಲಿ, ಹಸು ಎಮ್ಮೆ ನಡುವೆ. "ಅಂದ್ರೆ ಹಸು ಬತ್ತೋ ಹಾಗೆ" ಎಂದರು. ಹುಡುಗಿ ಖುಷಿಯಿಂದ ತಲೆ ಆಡಿಸಿದಳು. ಅಪ್ಪನ ಮುಖದಲ್ಲಿ ಮೊದಲ ಸಲ ಹೆದರಿಕೆ ಇಳಿದದ್ದನ್ನು ನಾನು ನೋಡಿದ್ದು ಆಗ. ಒಂದೂವರೆ ಗಂಟೆ ಕಾದದ್ದರ ಬೇಸರವೂ ಹೋಯಿತು. ಬಸ್ಸು ಯಾಕೆ ತಡ ಎಂದು ಕಾರಣ ಹೇಳಿದರೆ ಪ್ಯಾಸೆಂಜರ್ ಜಗಳ ಮಾಡುವುದಿಲ್ಲ ಎಂದು ಅಪ್ಪ ಯಾವಾಗಲೂ ಹೇಳುತ್ತಿದ್ದರು.

ಇಂಜೆಕ್ಷನ್ ಆದ ಮೇಲೆ ಒಂದು ಗಂಟೆ ಬೇರೆ ರೂಮಿನಲ್ಲಿ ಕೂರಿಸಿದರು. ನೀರು ಕುಡಿಯಬೇಕು, ಮೂತ್ರಕ್ಕೆ ಹೋಗಬೇಕು, ಆಮೇಲೆ ಮೆಷಿನ್ನು. ಹೊರಗೆ ಕೂತು ನಾನು ಯೋಚಿಸುತ್ತಿದ್ದೆ, ಈಗ ಅಪ್ಪನ ಮೈಯೊಳಗೆ ಏನು ನಡೆಯುತ್ತಿರಬಹುದು ಎಂದು. ನಾನು ಸಹಕಾರ ಸೊಸೈಟಿಯೊಂದರಲ್ಲಿ ಲೆಕ್ಕ ಬರೆಯುವವಳು. ವಿಜ್ಞಾನ ಓದಿದ್ದು ಹತ್ತನೇ ಕ್ಲಾಸಿನವರೆಗೆ ಮಾತ್ರ. ಸಂಜೆ ಡಾಕ್ಟರಮ್ಮನ ಹತ್ತಿರ ಅದನ್ನೇ ಕೇಳಿದೆ. ಅವರು ಅವಸರ ಮಾಡಲಿಲ್ಲ. ಪ್ರಿಸ್ಕ್ರಿಪ್ಷನ್ ಹಾಳೆ ತಿರುಗಿಸಿ ಹಿಂದೆ ಚಿತ್ರ ಬರೆದು ತೋರಿಸಿದರು.

ಪ್ರಾಸ್ಟೇಟ್ ಜೀವಕೋಶದ ಹೊರಮೈಯಲ್ಲಿ ಪಿಎಸ್‌ಎಂಎ ಎಂಬ ಪ್ರೋಟೀನ್ ಇರುತ್ತದೆ. ಗೋಡೆಗೆ ಹೊಡೆದ ಗೂಟ ಎಂದುಕೊಳ್ಳಿ. ಮಾಮೂಲಿ ಕೋಶದಲ್ಲಿ ನಾಲ್ಕಾರು ಗೂಟ ಇದ್ದರೆ ಕ್ಯಾನ್ಸರ್ ಕೋಶದಲ್ಲಿ ಗೋಡೆ ತುಂಬ ಗೂಟ. ಆ ಗೂಟಕ್ಕೆ ಮಾತ್ರ ಸಿಕ್ಕಿಕೊಳ್ಳುವ ಒಂದು ಸಣ್ಣ ಅಣುವನ್ನು ಮಾಡಿಕೊಂಡು, ಅದಕ್ಕೆ ಗ್ಯಾಲಿಯಂ ಕಟ್ಟಿ ರಕ್ತಕ್ಕೆ ಬಿಡುತ್ತಾರೆ. ಅದು ಮೈಯೆಲ್ಲ ಸುತ್ತುತ್ತದೆ. ಗೂಟ ಇರುವ ಕಡೆ ನಿಲ್ಲುತ್ತದೆ. ಉಳಿದದ್ದು ಮೂತ್ರದಲ್ಲಿ ಹೋಗುತ್ತದೆ. ಗ್ಯಾಲಿಯಂನಿಂದ ಪಾಸಿಟ್ರಾನ್ ಎಂಬ ಕಣ ಹೊರಬಿದ್ದು, ಅಲ್ಲೇ ಪಕ್ಕದ ಎಲೆಕ್ಟ್ರಾನಿಗೆ ತಾಗಿ ಎರಡೂ ಇಲ್ಲವಾಗುತ್ತವೆ. ಆಗ ಎರಡು ಕಿರಣ ಒಂದಕ್ಕೊಂದು ಬೆನ್ನು ಮಾಡಿ ಓಡುತ್ತವೆ. ಮೆಷಿನ್ನಿನ ಬಳೆ ಆ ಎರಡನ್ನೂ ಒಟ್ಟಿಗೇ ಹಿಡಿಯುತ್ತದೆ. ಎಲ್ಲಿಂದ ಹೊರಟವು ಎಂದು ಲೆಕ್ಕ ಹಾಕುತ್ತದೆ.

ಅವರು ಕೊನೆಗೆ ಹೇಳಿದ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. "ಇದು ಹೊರಗೇ ನೇತಾಡ್ಕೊಂಡಿರಲ್ಲ. ಕೋಶ ಆ ಗೂಟವನ್ನ, ಅದಕ್ಕೆ ಸಿಕ್ಕಿರೋದರ ಸಮೇತ, ಒಳಕ್ಕೆ ಎಳ್ಕೊಳ್ಳುತ್ತೆ. ಅದು ನಮಗೆ ಬೇಕಾಗಿರೋದು."

ಕಂಪ್ಯೂಟರಿನಲ್ಲಿ ಅಪ್ಪನ ಚಿತ್ರ ತೋರಿಸಿದರು. ಬಿಳಿ ಹಿನ್ನೆಲೆ, ಅದರ ಮೇಲೆ ನೆರಳಿನಂತೆ ಅಪ್ಪ. ಕೆನ್ನೆಯ ಹತ್ತಿರ ಕಪ್ಪು, ಮೂತ್ರಪಿಂಡದಲ್ಲಿ ಕಪ್ಪು. ನಾನು ಹೆದರಿ ಕೈ ತೋರಿಸಿದೆ. "ಅದು ಜೊಲ್ಲಿನ ಗ್ರಂಥಿ, ಇದು ಕಿಡ್ನಿ. ಅಲ್ಲಿ ಎಲ್ಲರಿಗೂ ಬರುತ್ತೆ" ಎಂದರು. ಬೆನ್ನುಮೂಳೆ, ಸೊಂಟದ ಮೂಳೆ, ಎರಡು ಪಕ್ಕೆಲುಬು, ಅಲ್ಲಿದ್ದ ಚುಕ್ಕೆಗಳೇ ಬೇರೆ. ಹದಿನಾಲ್ಕು ಎಣಿಸಿದೆ. ಇಷ್ಟು ವರ್ಷ ಅಪ್ಪ "ಇಲ್ಲಿ ನೋವು, ಇಲ್ಲಿ ನೋವು" ಎಂದು ಬೆರಳಿಟ್ಟು ತೋರಿಸುತ್ತಿದ್ದ ಜಾಗಗಳೇ ಅವು.

ಇನ್ನೊಂದು ಸ್ಕ್ಯಾನ್ ಕೂಡ ಮಾಡಿಸಿದರು. ಅದು ಸಕ್ಕರೆಯಂಥ ವಸ್ತುವಿಗೆ ಫ್ಲೋರಿನ್-18 ಕಟ್ಟಿ ಕೊಡುವುದು, ಹಲವು ಥರದ ಕ್ಯಾನ್ಸರಿಗೆ ಮಾಡುವ ಮಾಮೂಲಿ ಪೆಟ್ ಸ್ಕ್ಯಾನ್. ಕ್ಯಾನ್ಸರ್ ಕೋಶಗಳು ಸಾಮಾನ್ಯವಾಗಿ ಸಕ್ಕರೆಯನ್ನು ಜಾಸ್ತಿ ಎಳೆದುಕೊಳ್ಳುತ್ತವೆ. ಗೂಟವೇ ಇಲ್ಲದ ಕ್ಯಾನ್ಸರ್ ಎಲ್ಲಾದರೂ ಅಡಗಿದ್ದರೆ ಇದರಲ್ಲಿ ಗೊತ್ತಾಗುತ್ತದೆ. ಹಾಗೆ ಇದ್ದರೆ ಮುಂದಿನ ಚಿಕಿತ್ಸೆ ಅದನ್ನು ಮುಟ್ಟುವುದಿಲ್ಲ. ಅಪ್ಪನಿಗೆ ಅಂಥದ್ದು ಇರಲಿಲ್ಲ. ಫ್ಲೋರಿನ್ ಅರ್ಧವಾಗಲು 110 ನಿಮಿಷ ಬೇಕು, ಹಾಗಾಗಿ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಎಂಬ ಯಂತ್ರ ಇರುವ ಕಡೆಯಿಂದ ವ್ಯಾನಿನಲ್ಲಿ ತರಬಹುದು. ವ್ಯಾನು ಯಾವ ರೋಡಿನಲ್ಲಿ ಬರುತ್ತದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದೆಲ್ಲ ಅಪ್ಪ ಕೇಳಿ ತಿಳಿದುಕೊಂಡರು.

ಇನ್ನು ಚಿಕಿತ್ಸೆ. ಗೂಟಕ್ಕೆ ಸಿಕ್ಕಿಕೊಳ್ಳುವ ಅದೇ ಥರದ ಅಣು. ಗ್ಯಾಲಿಯಂ ತೆಗೆದು ಅದರ ಜಾಗಕ್ಕೆ ಲುಟೇಶಿಯಂ-177 ಕಟ್ಟುತ್ತಾರೆ. ಅದರಿಂದ ಬೀಟಾ ಕಣಗಳು ಬರುತ್ತವೆ, ಅಂದರೆ ವೇಗವಾಗಿ ಓಡುವ ಎಲೆಕ್ಟ್ರಾನುಗಳು. ಮೈಯೊಳಗೆ ಅವು ಹೆಚ್ಚೆಂದರೆ ಎರಡು ಮಿಲಿಮೀಟರ್ ಹೋಗುತ್ತವೆ, ಬಹುಪಾಲು ಅಷ್ಟೂ ಹೋಗುವುದಿಲ್ಲ. ಆ ಸಣ್ಣ ದೂರದೊಳಗೆ ಕ್ಯಾನ್ಸರ್ ಕೋಶದ ಡಿಎನ್‌ಎ ಎಳೆಗಳನ್ನು ಕತ್ತರಿಸುತ್ತವೆ. ಹೊರಗಿನಿಂದ ಕೊಡುವ ರೇಡಿಯೇಷನ್ ಚರ್ಮ ಮಾಂಸ ದಾಟಿ ಒಳಗೆ ಹೋಗಬೇಕು. ಇದನ್ನು ಕೋಶವೇ ಕೈಯಾರೆ ಒಳಗೆ ಕರೆದುಕೊಳ್ಳುತ್ತದೆ. ಮೊದಲು ಕಂಡದ್ದಕ್ಕೆ ಮಾತ್ರ ಆಮೇಲೆ ಹೊಡೆಯುವುದು. ನನಗೆ ಇದಕ್ಕಿಂತ ನ್ಯಾಯವಾದ ಚಿಕಿತ್ಸೆ ಇನ್ನೊಂದು ಗೊತ್ತಿಲ್ಲ.

ಎಷ್ಟು ಉಪಯೋಗ ಆಗಬಹುದು ಎಂದು ಅಪ್ಪ ನೇರವಾಗಿ ಕೇಳಿದರು. ಡಾಕ್ಟರಮ್ಮನೂ ನೇರವಾಗಿ ಹೇಳಿದರು. 2021ರಲ್ಲಿ ಪ್ರಕಟವಾದ ವಿಷನ್ ಎಂಬ ದೊಡ್ಡ ಪ್ರಯೋಗದಲ್ಲಿ 831 ರೋಗಿಗಳಿದ್ದರು. ಅಪ್ಪನ ಹಾಗೆ ಹಾರ್ಮೋನ್ ಔಷಧ, ಕೀಮೋ ಎಲ್ಲ ಮುಗಿಸಿದವರು. ಲುಟೇಶಿಯಂ ಇಲ್ಲದ ಗುಂಪಿನಲ್ಲಿ ಬದುಕಿದ ಕಾಲದ ನಡುವಿನ ಅಂಕಿ 11.3 ತಿಂಗಳು, ಲುಟೇಶಿಯಂ ಸಿಕ್ಕ ಗುಂಪಿನಲ್ಲಿ 15.3 ತಿಂಗಳು. ಮಾರನೇ ವರ್ಷವೇ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿತು.

ನಾನು ಮನಸ್ಸಿನಲ್ಲೇ ಕಳೆದೆ. ನಾಲ್ಕು ತಿಂಗಳು. ಎದೆ ಧಸಕ್ಕೆಂದಿತು. ಒಂದು ಡೋಸಿಗೆ ಖರ್ಚು ಲಕ್ಷಗಳಲ್ಲಿ, ಸಿಗುವುದು ನಾಲ್ಕು ತಿಂಗಳಾ? ಡಾಕ್ಟರಮ್ಮ ನನ್ನ ಮುಖ ನೋಡಿ ಹೇಳಿದರು, "ಅದು ನಡುವಿನ ಅಂಕಿ ಅಮ್ಮಾ. ಅರ್ಧ ಜನ ಅದಕ್ಕಿಂತ ಜಾಸ್ತಿ ದಿನ ಇದ್ದಾರೆ, ಅರ್ಧ ಜನ ಕಮ್ಮಿ. ಯಜಮಾನ್ರು ಯಾವ ಅರ್ಧದಲ್ಲಿದ್ದಾರೆ ಅಂತ ಎರಡು ಡೋಸ್ ಆದ್ಮೇಲೆ ಸ್ವಲ್ಪ ಅಂದಾಜು ಸಿಗುತ್ತೆ." ಅಪ್ಪ ಬೇರೆಯೇ ಲೆಕ್ಕ ಹಾಕುತ್ತಿದ್ದರು. "ಸೆಪ್ಟೆಂಬರಲ್ಲಿ ಕೂಸು ಬರುತ್ತೆ. ಅಲ್ಲಿಗೆ ಎರಡು ಡೋಸ್ ಆಗಿರುತ್ತಲ್ವಾ?" ಎಂದರು. ಅಲ್ಲಿಗೆ ತೀರ್ಮಾನ ಆಗಿತ್ತು.

ಮೊದಲ ಡೋಸ್ ಜುಲೈಯಲ್ಲಿ. ಅದಕ್ಕೂ ಮುಂಚೆ ಹಿಮೋಗ್ಲೋಬಿನ್, ಬಿಳಿ ರಕ್ತಕಣ, ಪ್ಲೇಟ್‌ಲೆಟ್, ಕಿಡ್ನಿ, ಎಲ್ಲ ಪರೀಕ್ಷೆ. ಲುಟೇಶಿಯಂ 6.65 ದಿನಕ್ಕೆ ಅರ್ಧವಾಗುತ್ತದೆ. ಅಂಗಡಿಯಲ್ಲಿ ಇಟ್ಟು ಮಾರುವ ಮದ್ದಲ್ಲ. ರೋಗಿಯ ಹೆಸರಿಗೇ ಆರ್ಡರ್ ಹೋಗುತ್ತದೆ. ನಮ್ಮ ದೇಶದಲ್ಲೇ ಟ್ರಾಂಬೆಯ ಧ್ರುವ ರಿಯಾಕ್ಟರಿನಲ್ಲಿ ಲುಟೇಶಿಯಂ ತಯಾರಾಗುತ್ತದೆ ಎಂದು ತಿಳಿದಾಗ ನನಗೆ ನಿಜವಾಗಿಯೂ ಹೆಮ್ಮೆ ಅನಿಸಿತು. ಧಾತುಗಳ ಪಟ್ಟಿಯಲ್ಲಿ ಲುಟೇಶಿಯಂನ ನಂಬರು 71. ಅಪ್ಪನಿಗೂ ಆ ವರ್ಷ 71. ಸುಮ್ನೆ ಕಾಕತಾಳೀಯ ಎಂದು ಗೊತ್ತಿದ್ದರೂ ನಾನು ಅದನ್ನು ಡೈರಿಯಲ್ಲಿ ಬರೆದಿಟ್ಟುಕೊಂಡೆ.

ಡೋಸ್ ಕೊಡುವ ರೂಮು ಸಣ್ಣದು. ಒಂದು ಮಂಚ, ಒಂದು ಟಿವಿ, ಪ್ರತ್ಯೇಕ ಟಾಯ್ಲೆಟ್. ಆ ಟಾಯ್ಲೆಟ್ಟಿನ ನೀರು ನೇರವಾಗಿ ಒಳಚರಂಡಿಗೆ ಹೋಗುವುದಿಲ್ಲ. ಕೆಳಗೆ ಬೇರೆ ಟ್ಯಾಂಕಿನಲ್ಲಿ ನಿಂತು, ವಿಕಿರಣ ಇಳಿದ ಮೇಲೆ ಬಿಡುತ್ತಾರೆ. ಔಷಧಿ ಸೀಸದ ಡಬ್ಬಿಯಲ್ಲಿ ಬಂತು. ಇಷ್ಟೆಲ್ಲ ಓಡಾಡಿದ್ದು ಇದಕ್ಕಾ ಎನ್ನುವಷ್ಟು ಸ್ವಲ್ಪ. ನೀರಿನ ಹಾಗೆ ಬಣ್ಣವೇ ಇಲ್ಲ. ವಿಕಿರಣದ ಅಳತೆ 200 ಮಿಲಿಕ್ಯೂರಿ ಎಂದು ಚೀಟಿಯಲ್ಲಿತ್ತು. ಕೈಗೆ ಕ್ಯಾನುಲಾ ಹಾಕಿ ನಿಧಾನವಾಗಿ ಬಿಟ್ಟರು. ಜೊಲ್ಲಿನ ಗ್ರಂಥಿಗೆ ಕಮ್ಮಿ ಹೋಗಲಿ ಎಂದು ಎರಡೂ ಕೆನ್ನೆಗೆ ಐಸ್ ಪ್ಯಾಕ್ ಕಟ್ಟಿದ್ದರು. ನಾನು ಗಾಜಿನ ಆಚೆ. ಅಪ್ಪ ಕೈ ಎತ್ತಿ ತೋರಿಸಿದರು. ನೋವಿಲ್ಲ, ಉರಿಯಿಲ್ಲ, ಏನೂ ಇಲ್ಲ. ಅರ್ಧ ಗಂಟೆಯಲ್ಲಿ ಮುಗಿಯಿತು.

ಮಾರನೇ ದಿನ ಒಬ್ಬರು ಒಂದು ಮೀಟರ್ ದೂರದಲ್ಲಿ ನಿಂತು ಅಳತೆ ಮಾಡಿದರು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಹಾಕಿದ ಮಿತಿಗಿಂತ ಇಳಿದಿದ್ದರೆ ಮಾತ್ರ ಮನೆಗೆ. ಇಳಿದಿತ್ತು. ಕಳಿಸುವ ಮುಂಚೆ ಇನ್ನೊಂದು ಚಿತ್ರ ತೆಗೆದರು. ಲುಟೇಶಿಯಂನಿಂದ ಸ್ವಲ್ಪ ಗಾಮಾ ಕಿರಣವೂ ಬರುತ್ತದೆ. ಅದರಿಂದಲೇ, ಔಷಧಿ ಎಲ್ಲಿ ಹೋಗಿ ಕೂತಿದೆ ಎಂದು ನೋಡಬಹುದು. ಡಾಕ್ಟರಮ್ಮ ಜೂನ್ ತಿಂಗಳ ಚಿತ್ರವನ್ನೂ ಇದನ್ನೂ ಅಕ್ಕಪಕ್ಕ ಇಟ್ಟರು. ಹೊಸದು ಸ್ವಲ್ಪ ಮಸುಕು. ಆದರೆ ಸೊಂಟದಲ್ಲಿ ಅದೇ ಚುಕ್ಕೆ, ಬೆನ್ನುಮೂಳೆಯಲ್ಲಿ ಅದೇ ಸಾಲು, ಪಕ್ಕೆಲುಬಿನಲ್ಲಿ ಅದೇ ಎರಡು. ನಾನು ಒಂದೊಂದನ್ನೇ ಟ್ಯಾಲಿ ಮಾಡಿದೆ. ಈ ನಾಲ್ಕು ವರ್ಷದಲ್ಲಿ ಅಪ್ಪನಿಗೆ ಎಷ್ಟೋ ಇಂಜೆಕ್ಷನ್, ಎಷ್ಟೋ ಡ್ರಿಪ್ ಕೊಟ್ಟಿದ್ದರು. ಕೊಟ್ಟ ಮದ್ದು ಹೋಗಬೇಕಾದ ಜಾಗಕ್ಕೆ ಹೋಯಿತು ಎಂದು ಕಣ್ಣಾರೆ ನೋಡಿದ್ದು ಇದೇ ಮೊದಲು. ಆಸ್ಪತ್ರೆಯಲ್ಲಿ ನಾನು ಅತ್ತದ್ದು ಅವತ್ತು ಒಂದೇ ದಿನ.

ಮನೆಯ ವ್ಯವಸ್ಥೆ ಅಪ್ಪನೇ ಮಾಡಿದರು. ಅಪ್ಪ ಅಮ್ಮನ ಮನೆ ಸುಂಕದಕಟ್ಟೆಯಲ್ಲಿ, ನಮ್ಮದು ನಾಗರಬಾವಿಯಲ್ಲಿ. ತಂಗಿ ತವರಿಗೆ ಬಂದವಳನ್ನು ಎಲ್ಲಿಗೂ ಕಳಿಸುವುದು ಬೇಡ, ನಾನೇ ನಿನ್ನ ಮನೆ ಟೆರೇಸಿನ ರೂಮಿಗೆ ಬರುತ್ತೇನೆ ಎಂದರು. ಅಲ್ಲಿ ಬೇರೆ ಬಾತ್‌ರೂಮು ಇತ್ತು. ಆಸ್ಪತ್ರೆಯವರು ಹೇಳಿದ್ದು ಇಷ್ಟು: ಬೇರೆ ಮಲಗಬೇಕು, ಬಸುರಿ ಹೆಂಗಸರು ಮತ್ತು ಮಕ್ಕಳಿಂದ ದೂರ ಇರಬೇಕು, ಮೂತ್ರಕ್ಕೆ ಕೂತೇ ಹೋಗಬೇಕು, ಎರಡು ಸಲ ಫ್ಲಶ್ ಮಾಡಬೇಕು, ಬಟ್ಟೆ ಬೇರೆ ಒಗೆಯಬೇಕು, ನೀರು ಚೆನ್ನಾಗಿ ಕುಡಿಯಬೇಕು. ಗೂಟಕ್ಕೆ ಸಿಗದ ಲುಟೇಶಿಯಂ ಬಹುಪಾಲು ಮೊದಲ ಎರಡು ದಿನದಲ್ಲೇ ಮೂತ್ರದಲ್ಲಿ ಹೋಗುತ್ತದಂತೆ. ವಿಮಾನ ನಿಲ್ದಾಣದಲ್ಲಿ ವಿಕಿರಣದ ಅಲಾರಾಂ ಹೊಡೆದುಕೊಂಡರೆ ತೋರಿಸಲು ಒಂದು ಪತ್ರವನ್ನೂ ಕೊಟ್ಟಿದ್ದರು. ವಿಮಾನ ಹತ್ತುವ ಯೋಚನೆ ಇಲ್ಲದಿದ್ದರೂ ಅಪ್ಪ ಅದನ್ನು ಯಾವಾಗಲೂ ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದರು.

ಸೀಮಂತದ ದಿನ ಅಪ್ಪ ಹೋಗಲಿಲ್ಲ. ಡೋಸ್ ಆಗಿ ಐದು ದಿನ ಆಗಿತ್ತಷ್ಟೆ. ಟೆರೇಸಿನಲ್ಲಿ ಕೂತು ವಿಡಿಯೋ ಕಾಲಿನಲ್ಲಿ ನೋಡಿದರು. ತಂಗಿ ಫೋನಿಗೇ ನಮಸ್ಕಾರ ಮಾಡಿದಳು. ಅವತ್ತು ರಾತ್ರಿ ನಾನು ಲೆಕ್ಕ ಹಾಕಿ ಅಪ್ಪನಿಗೆ ತೋರಿಸಿದೆ. ಮುಂದಿನ ಡೋಸಿಗೆ ಆರು ವಾರ, ಅಂದರೆ 42 ದಿನ. ಅಷ್ಟರಲ್ಲಿ ಆರು ಸಲಕ್ಕಿಂತ ಜಾಸ್ತಿ ಅರ್ಧ ಅರ್ಧ ಆಗಿರುತ್ತದೆ. ಒಂದು ತೊಟ್ಟೂ ಮೂತ್ರದಲ್ಲಿ ಹೋಗದಿದ್ದರೂ ನೂರರಲ್ಲಿ ಉಳಿಯುವುದು ಒಂದಕ್ಕಿಂತ ಚೂರು ಜಾಸ್ತಿ. ಅಪ್ಪ ಆ ಚೀಟಿಯನ್ನು ಗೋಡೆಗೆ ಅಂಟಿಸಿಕೊಂಡರು.

ಎರಡನೇ ಸಲ ಒಂದು ಕೆಟ್ಟ ಅನುಭವ ಆಯಿತು. ಆಗಸ್ಟ್ ಕೊನೆ. ಬೆಳಿಗ್ಗೆ ಏಳಕ್ಕೆ ಹೋಗಿ, ದುಡ್ಡು ಕಟ್ಟಿ, ಕ್ಯಾನುಲಾ ಹಾಕಿಸಿಕೊಂಡು ಕೂತೆವು. ಮಧ್ಯಾಹ್ನ ಎರಡು ಗಂಟೆಗೆ 'ಇವತ್ತು ಡೋಸ್ ಬರಲ್ಲ' ಎಂದರು. ಮುಂಬೈಯಿಂದ ವಿಮಾನಕ್ಕೆ ಹತ್ತಿಯೇ ಇರಲಿಲ್ಲವಂತೆ. ಅದು ಅವರಿಗೆ ಬೆಳಿಗ್ಗೆಯೇ ಗೊತ್ತಿತ್ತು. ಡೋಸ್ ತಡವಾಗುವುದು ನನಗೆ ಅರ್ಥವಾಗುತ್ತದೆ. ಕ್ಯಾನ್ಸರ್ ರೋಗಿಯನ್ನು ಹೇಳದೆ ಏಳು ಗಂಟೆ ಕೂರಿಸುವುದು ಅರ್ಥವಾಗುವುದಿಲ್ಲ. ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಅಪ್ಪ ಕೌಂಟರಿನಲ್ಲಿ ಮೆತ್ತಗೆ ಅದನ್ನೇ ಹೇಳಿದರು, "ಬಸ್ ಕೆಟ್ಟೋದ್ರೆ ಸ್ಟಾಪಲ್ಲಿ ನಿಂತಿರೋರಿಗೆ ಹೇಳ್ಬೇಕಪ್ಪ." ಆಮೇಲಿನಿಂದ ನಾನು ಹಿಂದಿನ ರಾತ್ರಿ ಒಂದು ಸಲ, ಬೆಳಿಗ್ಗೆ ಹೊರಡುವ ಮುಂಚೆ ಒಂದು ಸಲ ಫೋನ್ ಮಾಡಿ ಡೋಸ್ ಎಲ್ಲಿದೆ ಎಂದು ಕೇಳುತ್ತೇನೆ. ನೀವೂ ಕೇಳಿ. ಒಂದು ವಾರ ತಡವಾಗಿ ಡೋಸ್ ಆಯಿತು.

ಪಿಎಸ್‌ಎ ಮೊದಲ ಡೋಸಿನ ಮೇಲೆ 140, ಎರಡನೆಯದರ ಮೇಲೆ 61. ಸೆಪ್ಟೆಂಬರ್ ಕೊನೆಯಲ್ಲಿ ತಂಗಿಗೆ ಹೆಣ್ಣು ಮಗು ಆಯಿತು. ಎತ್ತಿಕೊಳ್ಳಬಹುದಾ ಎಂದು ಫೋನ್ ಮಾಡಿ ಕೇಳಿದೆವು. ಡೋಸ್ ಆಗಿ ಮೂರು ವಾರ ದಾಟಿದೆ, ಧಾರಾಳವಾಗಿ ಎತ್ತಿಕೊಳ್ಳಲಿ ಎಂದರು. ಅಪ್ಪ ಆದರೂ ಎರಡೇ ನಿಮಿಷ ಎತ್ತಿಕೊಂಡು ಅಮ್ಮನ ಕೈಗೆ ಕೊಟ್ಟರು. "ನೀವು ಸುಮ್ನೆ ಹೆದರ್ತೀರ" ಎಂದು ಅಮ್ಮ ಬೈದರು.

ಮೂರನೆಯದಾದ ಮೇಲೆ ಬಾಯಿ ಒಣಗತೊಡಗಿತು. ಕೆನ್ನೆಯ ಹತ್ತಿರ ಕಂಡ ಆ ಕಪ್ಪು ನೆನಪಿದೆಯಲ್ಲ, ಅಲ್ಲಿಯೂ ಔಷಧಿ ಹೋಗುತ್ತದೆ. ಬ್ರೆಡ್ಡು, ಚಪಾತಿ ಬಾಯಲ್ಲೇ ಉಳಿಯುತ್ತಿತ್ತು. ಮುದ್ದೆ ಪರವಾಗಿಲ್ಲ, ಅಗಿಯುವ ಕೆಲಸವಿಲ್ಲ. ಆದರೆ ಬಸ್ಸಾರು ಎರಡರಷ್ಟು ಬೇಕು, ತೆಳ್ಳಗೆ, ಖಾರ ಕಮ್ಮಿ. ಪಕ್ಕದಲ್ಲಿ ಮಜ್ಜಿಗೆ ಲೋಟ. ರಾತ್ರಿ ತಲೆದಿಂಬಿನ ಹತ್ತಿರ ನೀರಿನ ಬಾಟಲಿ. ಸುಸ್ತು ಒಂದು ವಾರ ಇರುತ್ತದೆ. ಇದಕ್ಕೆ ಪ್ರತಿಯಾಗಿ ಬೆನ್ನು ನೋವಿಗೆ ದಿನಕ್ಕೆ ಮೂರು ಮಾತ್ರೆ ನುಂಗುತ್ತಿದ್ದವರು ಈಗ ವಾರಕ್ಕೆ ಒಂದೋ ಎರಡೋ. ನಾಲ್ಕನೇ ಡೋಸಿನ ನಂತರ ಪಿಎಸ್‌ಎ 38. ಹದಿನಾಲ್ಕು ಚುಕ್ಕೆಯಲ್ಲಿ ಐದು ಕಾಣುತ್ತಿಲ್ಲ. ಒಂದು ಹೊಸದು ಬಂದಿದೆ, ತೊಡೆಮೂಳೆಯ ಮೇಲ್ಭಾಗದಲ್ಲಿ, ಸಣ್ಣದು. ಅದಕ್ಕೂ ಗೂಟ ಇದೆ ಎಂದು ಡಾಕ್ಟರಮ್ಮ ತೋರಿಸಿದರು. ಮುಂದೆ ಇದು ಕೈ ಕೊಟ್ಟರೆ ಲುಟೇಶಿಯಂ ಬದಲು ಆಕ್ಟಿನಿಯಂ-225 ಕಟ್ಟುವುದೂ ಇದೆಯಂತೆ. ಅದರಿಂದ ಬರುವುದು ಆಲ್ಫಾ ಕಣ. ಹೋಗುವ ದೂರ ಕೆಲವೇ ಕೋಶಗಳಷ್ಟು, ಹೊಡೆತ ಮಾತ್ರ ಜೋರು, ಬಾಯಿ ಒಣಗುವುದೂ ಜಾಸ್ತಿ. ಅದರ ಮಾತು ಈಗಲೇ ಬೇಡ ಎಂದರು.

ಐದನೇ ಡೋಸ್ ಜನವರಿ ಮೊದಲ ವಾರ ಆಗಬೇಕಿತ್ತು. ಪ್ಲೇಟ್‌ಲೆಟ್ ಇಳಿದಿತ್ತು. ಮೂಳೆಯ ಮಜ್ಜೆಗೂ ಸ್ವಲ್ಪ ಪೆಟ್ಟು ಬೀಳುತ್ತದೆ, ಚೇತರಿಸಿಕೊಳ್ಳಲು ಬಿಡಬೇಕು ಎಂದು ಮೂರು ವಾರ ಮುಂದಕ್ಕೆ ಹಾಕಿದರು. ನಿನ್ನೆ ಮತ್ತೆ ರಕ್ತ ಕೊಟ್ಟು ಬಂದೆವು. ಸಂಜೆ ರಿಪೋರ್ಟ್ ಬಂತು, ಪ್ಲೇಟ್‌ಲೆಟ್ ಸರಿಯಾಗಿದೆ. ಅಪ್ಪನ ಹೆಸರಿಗೆ ಆರ್ಡರ್ ಹೋಗಿದೆ. ಮಂಗಳವಾರ ಬೆಳಿಗ್ಗೆ ಬರಬೇಕಂತೆ. ನಾನು ಆರೂವರೆಗೆ ಆಟೋ ಬುಕ್ ಮಾಡುತ್ತೇನೆ ಎಂದೆ.

"ಆರೂವರೆಗೆ ಹೊರಟ್ರೆ ಸಿಲ್ಕ್ ಬೋರ್ಡಲ್ಲಿ ಸಿಕ್ಕಾಕ್ಕೊಳ್ತೀವಿ ಕಣವ್ವ" ಎಂದರು ಅಪ್ಪ. "ಐದಕ್ಕೇ ಹೊರಡಾಣ. ನಾಯಂಡಹಳ್ಳಿ ಮೇಲೆ ಹೋದ್ರೆ ಬನಶಂಕರಿವರೆಗೂ ರೋಡು ಖಾಲಿ ಇರುತ್ತೆ."